ಕೊನೆಯ ಬಸ್ಸಿಗೆ ಮೊದಲು ಮುಗಿಯಬೇಕಾದ ಮಾತು

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ತಪಾಸಣೆಯ ಕೋಣೆಯೂ ಮಂಗಳವಾರ ಬರುವ ಮನೋವೈದ್ಯರ ಕೋಣೆಯೂ ಅಕ್ಕಪಕ್ಕದಲ್ಲಿವೆ. ಹೊರಗಿನ ಬೆಂಚು ಮಾತ್ರ ಎರಡಕ್ಕೂ ಸೇರಿ ಒಂದೇ. 2023ರ ಜುಲೈಯಲ್ಲಿ, ಪುನರ್ವಸು ಮಳೆ ಬಿಡುವು ಕೊಡದೆ ಸುರಿಯುತ್ತಿದ್ದ ಒಂದು ಬೆಳಿಗ್ಗೆ, ಒದ್ದೆ ಕೊಡೆಯನ್ನು ಕಾಲಬುಡದಲ್ಲಿಟ್ಟುಕೊಂಡು ಆ ಬೆಂಚಿನ ಒಂದು ತುದಿಯಲ್ಲಿ ಕುಳಿತಿದ್ದಾಗ, ಇನ್ನೊಂದು ತುದಿಯಲ್ಲಿ ನಮ್ಮ ಮನೆಯವರ ಕಡೆಯ ದೊಡ್ಡಮ್ಮ ಒಬ್ಬರು ಕುಳಿತಿರುವುದು ಕಣ್ಣಿಗೆ ಬಿತ್ತು. ‘ಎಂತದೇ, ನೀನಿಲ್ಲಿ?’ ಎಂದರು. ಕಣ್ಣು ತೋರಿಸಲು ಬಂದೆ ಎಂದೆ. ತಾವೂ ಕಣ್ಣಿಗೇ ಬಂದದ್ದು, ಪೊರೆ ಬಂದಿದೆಯೋ ಏನೋ ಎಂದು ಅವರೂ ಹೇಳಿದರು. ಅರ್ಧ ಗಂಟೆ ಪೊರೆಯ ಬಗ್ಗೆ, ಅಡಿಕೆ ದರದ ಬಗ್ಗೆ ಮಾತನಾಡಿದೆವು. ಆಮೇಲೆ ನರ್ಸ್ ಪಕ್ಕದ ಕೋಣೆಯ ಬಾಗಿಲಿನಿಂದ ಇಣುಕಿ, ಮೊದಲು ಅವರ ಹೆಸರನ್ನೂ ಅದರ ಬೆನ್ನಿಗೇ ನನ್ನ ಹೆಸರನ್ನೂ ಕೂಗಿದರು.

ಅಂದಿನಿಂದ ಈ ವಿಷಯವನ್ನು ನಾನು ಮುಚ್ಚಿಡುವುದು ಕಡಿಮೆಯಾಗಿದೆ. ಹಾಗಾಗಿ ಪರಿಚಯದವರು ಕೇಳುವುದೂ ಹೆಚ್ಚಾಗಿದೆ. ಅವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಒಳ್ಳೆಯ ಡಾಕ್ಟರು ಯಾರಿದ್ದಾರೆ? ನಾನೂ ಸುಮಾರು ಎಂಟು ತಿಂಗಳು ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಅಲೆದವಳು. ಈಗ ನನಗನ್ನಿಸುವುದು, ಒಳ್ಳೆಯವರು ಯಾರು ಎಂಬುದಕ್ಕಿಂತ, ಆರು ತಿಂಗಳೋ ಒಂದು ವರ್ಷವೋ ಬಿಡದೆ ನಾನು ಯಾರ ಬಳಿ ಹೋಗಿಬರಲು ಸಾಧ್ಯ ಎಂಬ ಪ್ರಶ್ನೆಯಿಂದ ಹೊರಟಿದ್ದರೆ ಇಷ್ಟು ಸುತ್ತಬೇಕಾಗಿರಲಿಲ್ಲ. ಮಲೆನಾಡಿನ ಒಂಟಿಮನೆಯಲ್ಲಿ ವಾಸಿಸುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ.

ನನಗೆ ಶುರುವಾದದ್ದು 2022ರ ಮಳೆಗಾಲದಲ್ಲಿ. ಹಿಂದಿನ ವರ್ಷ ಅಮ್ಮ ತೀರಿಕೊಂಡಿದ್ದರು, ಮಗಳು ಓದಲೆಂದು ಬೆಂಗಳೂರಿಗೆ ಹೋಗಿದ್ದಳು, ಅಡಿಕೆ ತೋಟಕ್ಕೆ ಕೊಳೆರೋಗ ಬಂದಿತ್ತು. ಆದರೆ ಇವುಗಳಲ್ಲಿ ಇದೇ ಕಾರಣವೆಂದು ಬೆರಳಿಟ್ಟು ತೋರಿಸಲಾರೆ, ಏಕೆಂದರೆ ಇದಕ್ಕಿಂತ ಕಷ್ಟದ ವರ್ಷಗಳನ್ನು ನಾನು ನಿದ್ದೆಗೆಡದೆ ಕಳೆದಿದ್ದೇನೆ. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗುತ್ತಿತ್ತು. ಹಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತ ಮಲಗಿದ್ದರೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು, ಇಪ್ಪತ್ತು ವರ್ಷದಿಂದ ಹೇಳುತ್ತಿದ್ದ ಪಾಠದ ನಡುವೆ ಮುಂದಿನ ವಾಕ್ಯ ತಿಳಿಯದೆ ಕಪ್ಪುಹಲಗೆಯ ಕಡೆ ತಿರುಗಿ ನಿಲ್ಲುತ್ತಿದ್ದೆ.

ನಮ್ಮಲ್ಲಿ ಇಂಥದ್ದಕ್ಕೆ ಮೊದಲು ಸಿಗುವ ಹೆಸರು ‘ಗ್ಯಾಸ್ಟ್ರಿಕ್’. ಎದೆ ಹೊಡೆದುಕೊಂಡರೂ ಗ್ಯಾಸ್ಟ್ರಿಕ್, ತಲೆ ಸುತ್ತಿದರೂ ಗ್ಯಾಸ್ಟ್ರಿಕ್. ಎರಡು ತಿಂಗಳು ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿದೆ, ಇಸಿಜಿ ಮಾಡಿಸಿದೆ. ಅತ್ತೆಯವರು ನೆನಪಿನ ಶಕ್ತಿಗೆಂದು ವಾರಕ್ಕೆ ಮೂರು ದಿನ ಒಂದೆಲಗದ ತಂಬುಳಿ ಮಾಡಿದರು. ಅದರಿಂದ ಆದ ಲಾಭ ಊಟ ಸೇರಿದ್ದು, ಅದೂ ಆ ದಿನಗಳಲ್ಲಿ ಸಣ್ಣದೇನಲ್ಲ. ಅವರ ಸಮಾಧಾನಕ್ಕಾಗಿ ಜ್ಯೋತಿಷ್ಯದ ಪ್ರಶ್ನೆಯನ್ನೂ ಇಡಿಸಿದೆವು. ಇದನ್ನು ನಗಲೆಂದು ಬರೆಯುತ್ತಿಲ್ಲ. ಅಲ್ಲಿ ಕುಳಿತ ಹಿರಿಯರು ಹರಕೆಯೊಂದನ್ನು ಹೇಳಿ, ‘ಡಾಕ್ಟರಿಗೆ ತೋರಿಸುವುದನ್ನು ಬಿಡಬೇಡಿ’ ಎಂದೂ ಹೇಳಿ ಕಳಿಸಿದರು. ಹರಕೆಯ ಹೆಸರಿನಲ್ಲಿ ಮಾತ್ರೆ ಬಿಡಿಸುವವರೂ ಇದ್ದಾರೆ. ಅವರಿಂದ ಮಾತ್ರ ದೂರ ಇರಬೇಕು.

ರಕ್ತ ಪರೀಕ್ಷೆಯ ಬಗ್ಗೆ ಒಂದು ಮಾತು. ಥೈರಾಯ್ಡ್ ಏರುಪೇರು, ಬಿ12 ಕೊರತೆ, ರಕ್ತಹೀನತೆ ಇವೆಲ್ಲ ಆಯಾಸ, ನಿದ್ರಾಭಂಗ, ಖಿನ್ನತೆಯ ವೇಷ ಹಾಕಿಕೊಂಡು ಬರಬಲ್ಲವು. ಆದ್ದರಿಂದ ಮನೋವೈದ್ಯರ ಬಳಿ ಹೋಗುವ ಮೊದಲೋ ಹೋದ ಮೇಲೋ ಇವನ್ನು ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು. ನನ್ನದರಲ್ಲಿ ಏನೂ ಇರಲಿಲ್ಲ. ಏನೂ ಇಲ್ಲ ಎಂಬ ವರದಿ ಕೈಗೆ ಬಂದಾಗ ಆದದ್ದು ಸಂತೋಷವಲ್ಲ, ಇನ್ನು ಹೇಳಿಕೊಳ್ಳಲು ನೆಪವೂ ಇಲ್ಲವಲ್ಲ ಎಂಬ ದಿಗಿಲು.

ನಮ್ಮ ಹಿಂದಿನ ತಲೆಮಾರಿಗೆ ಶಿವಮೊಗ್ಗದ ಮನೋವೈದ್ಯರೆಂದರೆ ಮೊದಲು ನೆನಪಾಗುತ್ತಿದ್ದವರು ಡಾ. ಕೆ. ಎ. ಅಶೋಕ್ ಪೈ. ಮನಸ್ಸಿನ ಕಾಯಿಲೆಯನ್ನು ಕುರಿತು ಕನ್ನಡದಲ್ಲೇ ಬರೆದು, ಮಾತನಾಡಿ, ಅದನ್ನು ಜಗಲಿಯ ಮೇಲೆ ಕುಳಿತು ಆಡಬಹುದಾದ ವಿಷಯವನ್ನಾಗಿ ಮಾಡಿದ ಅವರು 2016ರಲ್ಲಿ ತೀರಿಕೊಂಡರು. ನಾನು 2022ರ ನವೆಂಬರಿನಲ್ಲಿ ನಗರದ ಬೇರೊಬ್ಬ ವೈದ್ಯರನ್ನು ಕಂಡೆ. ಹೆಸರು ಹೇಳುವುದಿಲ್ಲ, ಅವರ ಹೊರಕೋಣೆಯಲ್ಲಿ ಅಂದು ಇದ್ದ ಜನರನ್ನು ನೆನೆದರೆ ಅವರದೊಬ್ಬರದೇ ತಪ್ಪು ಎನ್ನಲೂ ಆಗದು. ಮೂರು ಗಂಟೆ ಕಾದ ಮೇಲೆ ಐದು ನಿಮಿಷ ಸಿಕ್ಕಿತು. ಚೀಟಿ ಬರೆದುಕೊಟ್ಟರು, ತಿಂಗಳು ಬಿಟ್ಟು ಬನ್ನಿ ಎಂದರು. ಮಾತ್ರೆ ಏನು ಮಾಡುತ್ತದೆ, ಯಾವಾಗ ಮಾಡುತ್ತದೆ ಎಂದು ಅವರು ಹೇಳಲಿಲ್ಲ, ಕೇಳಬೇಕೆಂದು ನನಗೂ ತೋಚಲಿಲ್ಲ. ವಾಕರಿಕೆ, ಮಂಪರು ಸಹಿಸಿಕೊಂಡು ಹನ್ನೆರಡು ದಿನ ನುಂಗಿ, ಏನೂ ಗುಣ ಕಾಣಲಿಲ್ಲವೆಂದು ನಿಲ್ಲಿಸಿಬಿಟ್ಟೆ.

ಆಮೇಲೆ ತಿಳಿದದ್ದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಖಿನ್ನತೆ ಮತ್ತು ಆತಂಕಕ್ಕೆ ಇಂದು ಸಾಮಾನ್ಯವಾಗಿ ಮೊದಲು ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ತಮ್ಮ ಗುಣವನ್ನು ತೋರಿಸಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಆರು ವಾರವೂ ಹಿಡಿಯುತ್ತದೆ. ಅಡ್ಡಪರಿಣಾಮ ಮಾತ್ರ ಮೊದಲ ವಾರವೇ ಬಂದು ನಿಲ್ಲುತ್ತದೆ, ಮತ್ತು ಬಹಳಷ್ಟು ಜನರಲ್ಲಿ ದಿನ ಕಳೆದಂತೆ ತಗ್ಗುತ್ತದೆ. ಅಂದರೆ ಅತ್ಯಂತ ಕೆಟ್ಟ ದಿನಗಳನ್ನು ದಾಟಿ, ಗುಣ ಕಾಣುವ ಹೊಸ್ತಿಲಲ್ಲಿ ನಾನು ಮಾತ್ರೆ ಬಿಟ್ಟಿದ್ದೆ. ಹೀಗೆ ಥಟ್ಟನೆ ನಿಲ್ಲಿಸುವುದೂ ಸರಿಯಲ್ಲ. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ನಿದ್ದೆಗೆಂದು ಕೊಡುವ ಕ್ಲೊನಾಜೆಪಾಮ್‌ನಂಥ ಮಾತ್ರೆಗಳ ಕಥೆ ಬೇರೆ, ಅವು ಅಂದೇ ಕೆಲಸ ಮಾಡುತ್ತವೆ, ಅಭ್ಯಾಸವೂ ಆಗಿಬಿಡುತ್ತವೆ. ಹಾಗಾಗಿ ಅವನ್ನು ಎಷ್ಟು ದಿನ ಎಂದು ಮೊದಲೇ ಕೇಳಿಕೊಳ್ಳಬೇಕು.

ಡಿಸೆಂಬರಿನಲ್ಲಿ ಮಗಳು ತನ್ನ ಮೊಬೈಲಿನಲ್ಲೇ ಆನ್‌ಲೈನ್ ಕೌನ್ಸೆಲಿಂಗ್ ಗೊತ್ತುಮಾಡಿದಳು. ನಮ್ಮಲ್ಲಿ ಸಿಗ್ನಲ್ ಸಿಗುವುದು ಮನೆಯ ಮೇಲಿನ ಧರೆ ಹತ್ತಿ, ಹಲಸಿನ ಮರದ ಬುಡದಲ್ಲಿ ನಿಂತಾಗ. ಎದೆಯೊಳಗಿನದನ್ನು ಅಲ್ಲಿ ನಿಂತು, ಅಡಿಕೆ ಕೊನೆ ತೆಗೆಯಲು ಬಂದವರಿಗೆ ಕೇಳಿಸದಂತೆ ಹೇಳಬೇಕಾಗಿತ್ತು. ಆ ಕಡೆಯ ಹುಡುಗಿ ತುಂಬ ಸೌಮ್ಯವಾಗಿ ಮಾತನಾಡಿದಳು, ಆದರೆ ಅವಳ ಕನ್ನಡ ಪ್ರತಿ ವಾಕ್ಯದ ಅರ್ಧಕ್ಕೇ ಇಂಗ್ಲಿಷಿಗೆ ಜಾರುತ್ತಿತ್ತು, ನಾನೂ ಮರ್ಯಾದೆಗೆಂದು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದೆ. ಪರೀಕ್ಷೆಯಲ್ಲಿ ಉತ್ತರ ಬರೆದಂತಿತ್ತು ಅದು. ನನ್ನ ಮಗಳಿಗೆ ಅದೇ ವ್ಯವಸ್ಥೆ ಚೆನ್ನಾಗಿ ಒದಗಿಬಂದಿತ್ತು. ಅವಳು ಯೋಚಿಸುವುದೇ ಅರ್ಧ ಇಂಗ್ಲಿಷಿನಲ್ಲಿ. ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದದಿದ್ದರೆ ಅದರಲ್ಲಿ ಯಾರ ಸೋಲೂ ಇಲ್ಲ ಎಂಬುದು ಆಗ ಹೊಳೆಯದೆ, ನನ್ನಲ್ಲೇ ಏನೋ ಕೊರತೆ ಎಂದುಕೊಂಡೆ.

ದಾರಿ ಸಿಕ್ಕಿದ್ದು ನಾನು ನಿರೀಕ್ಷಿಸದ ಕಡೆಯಿಂದ. ಬೇಸಿಗೆ ಬಂತೆಂದರೆ ನಮ್ಮ ಕಡೆ ಮಂಗನ ಕಾಯಿಲೆಯ ಭಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆಯ ವಿಷಯದಲ್ಲಿ, ಮಂಗ ಸತ್ತು ಬಿದ್ದರೆ ತಿಳಿಸಬೇಕು, ಜ್ವರ ಬಂದರೆ ರಕ್ತ ಕೊಡಬೇಕು ಎಂಬುದು ನಮ್ಮ ಶಾಲೆಯ ಮಕ್ಕಳಿಗೂ ಬಾಯಿಪಾಠ. ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಡೀಪಾ ಎಣ್ಣೆಯ ಬಾಟಲಿ ಕೊಡಲು ಬಂದ ಆಶಾ ಕಾರ್ಯಕರ್ತೆ ನನ್ನ ಮುಖ ನೋಡಿ, ‘ಟೀಚರ್, ನಿದ್ದೆ ಬರ್ತಾ ಇಲ್ವಾ?’ ಎಂದು ಕೇಳಿದಳು. ನನ್ನ ಹಳೆಯ ವಿದ್ಯಾರ್ಥಿನಿ. ಅವಳು ಒಂದು ನಂಬರನ್ನು ಎಣ್ಣೆಯ ಪಟ್ಟಿಯ ಹಿಂದೆ ಬರೆದು ಹರಿದುಕೊಟ್ಟಳು: 14416.

ಇದು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ರಾಷ್ಟ್ರೀಯ ಕೇಂದ್ರ. ಕರೆಗೆ ಹಣವಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಭಾಷೆ ಆರಿಸಿಕೊಳ್ಳುವಾಗ ಕನ್ನಡ ಒತ್ತಿದರೆ ಕನ್ನಡದವರೇ ಮಾತನಾಡುತ್ತಾರೆ. ಸಾಮಾನ್ಯ ಕರೆಯಾದ್ದರಿಂದ ಇಂಟರ್‌ನೆಟ್ಟೂ ಬೇಡ. ಒಂದೇ ಗೆರೆ ಸಿಗ್ನಲ್ ಸಾಕಾಯಿತು. ಬೆಳಗಿನ ಜಾವ ಮೂರೂವರೆಗೆ ಕೊಟ್ಟಿಗೆಯ ಪಕ್ಕ ನಿಂತು ಮಾಡಿದ ಆ ಕರೆಯಲ್ಲಿ ನನ್ನ ಕಾಯಿಲೆಗೆ ಹೆಸರು ಸಿಗಲಿಲ್ಲ, ಪರಿಹಾರವೂ ಸಿಗಲಿಲ್ಲ. ಸಿಕ್ಕಿದ್ದು ಒಂದು ಮಾಹಿತಿ: ಮನೋಚೈತನ್ಯ ಎಂಬ ರಾಜ್ಯ ಸರ್ಕಾರದ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ ಎಂದು. ಅದೇ ಆಸ್ಪತ್ರೆಯ ಮುಂದಿನಿಂದ ನಾನು ಇಪ್ಪತ್ತು ವರ್ಷ ಬಸ್ಸಿನಲ್ಲಿ ಹಾದುಹೋಗಿದ್ದೇನೆ.

ದೊಡ್ಡ ಆಸ್ಪತ್ರೆಯೇ ಆಗಬೇಕೆಂಬ ಹಟ ನಮ್ಮಲ್ಲಿ ಬಹಳ. ಏನಾದರೂ ಆದರೆ ತೀರ್ಥಹಳ್ಳಿ ಕಡೆಯವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೊರಡುತ್ತಾರೆ, ಸಾಗರ ಕಡೆಯವರು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ. ಹೃದಯದ ಆಪರೇಷನ್ನಿಗೆ ಅದು ಸರಿ, ಒಂದು ಸಲ ಹೋಗಿಬಂದರೆ ಮುಗಿಯಿತು. ಮನಸ್ಸಿನ ಚಿಕಿತ್ಸೆ ಹೋಗಿಬಂದು ಮುಗಿಸುವಂಥದ್ದಲ್ಲ. ಇದನ್ನು ನಮ್ಮ ಮನೆಯವರಿಗೆ ಅರ್ಥಮಾಡಿಸಲು ನಾನು ಪಟ್ಟ ಕಷ್ಟವನ್ನು ಕೊನೆಗೆ ತೋಟವೇ ತಪ್ಪಿಸಿತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೊಮ್ಮೆ, ಮತ್ತೆ ನಲವತ್ತು ನಲವತ್ತೈದು ದಿನಕ್ಕೊಮ್ಮೆ ಹೊಡೆಯುತ್ತಾರೆ. ಮೊದಲ ಸಲಕ್ಕೇ ಗೊನೆ ಚೆನ್ನಾಗಿದೆಯೆಂದು ಎರಡನೆಯದನ್ನು ಬಿಟ್ಟವರ ತೋಟ ಏನಾಗುತ್ತದೆಂದು ಅವರಿಗೆ ಯಾರೂ ಹೇಳಬೇಕಾಗಿಲ್ಲ. ‘ಹಾಗಾದರೆ ಹತ್ತಿರದಲ್ಲೇ ಇರಬೇಕು’ ಎಂದು ಅವರೇ ಹೇಳಿದರು.

ಮಂಗಳವಾರದ ವೈದ್ಯರೂ ಅವಸರದಲ್ಲೇ ಇದ್ದರು, ಅಲ್ಲಿಯೂ ಸಾಲಿತ್ತು. ಆದರೆ ಮಾತ್ರೆಯ ಬಗ್ಗೆ ನಾನು ಮೇಲೆ ಬರೆದದ್ದನ್ನೆಲ್ಲ ಹತ್ತು ನಿಮಿಷದಲ್ಲಿ ಹೇಳಿದವರು ಅವರೇ. ಮಾತ್ರೆ ಅಲ್ಲಿಯೇ ಉಚಿತವಾಗಿ ಸಿಗುತ್ತಿತ್ತು. ಎರಡು ಸಲ ದಾಸ್ತಾನಿಲ್ಲವೆಂದು ಹೊರಗೆ ಕೊಳ್ಳಬೇಕಾಯಿತು. ನಮ್ಮ ಮನೆಯವರನ್ನು ಒಳಗೆ ಕರೆದು, ಮನೆಯಲ್ಲಿ ಕಳೆನಾಶಕ, ಕೀಟನಾಶಕ ಎಲ್ಲಿಡುತ್ತೀರಿ ಎಂದು ಕೇಳಿದರು. ಜಗಲಿಯ ಮೂಲೆಯಲ್ಲಿ ಎಂದು ಇವರು ಹೇಳಿದಾಗ, ಇಂದೇ ಬೀಗ ಹಾಕಿ ಇಡಿ, ಬೀಗದ ಕೈ ನಿಮ್ಮ ಹತ್ತಿರವೇ ಇರಲಿ ಎಂದರು. ನನಗೆ ಅಂಥ ಯೋಚನೆ ಬಂದಿದೆಯೇ ಎಂದು ನನ್ನನ್ನೂ ನೇರವಾಗಿಯೇ ಕೇಳಿದರು. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂದು ನಾವು ಹೆದರುತ್ತೇವೆ. ನನಗಾದದ್ದು ಅದಲ್ಲ, ಯಾರೋ ಒಬ್ಬರು ಆ ಮಾತನ್ನು ಆಡಿದರಲ್ಲ ಎಂಬ ನಿರಾಳ. ಅಂಥ ಯೋಚನೆ ಕಾಡುತ್ತಿರುವವರು ಮಂಗಳವಾರಕ್ಕಾಗಲಿ, ಹೊಂದುವ ವೈದ್ಯರಿಗಾಗಲಿ ಕಾಯಬಾರದು. ಮನೆಯವರಿಗೆ ಹೇಳಬೇಕು, 14416ಕ್ಕೆ ಕರೆ ಮಾಡಬೇಕು, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಪೊಲೀಸ್ ಕೇಸಾಗುತ್ತದೆಂಬ ಹೆದರಿಕೆಯಿಂದ ಆಸ್ಪತ್ರೆಗೆ ಒಯ್ಯಲು ತಡಮಾಡುವ ಮನೆಗಳು ನಮ್ಮಲ್ಲಿ ಈಗಲೂ ಇವೆ. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 115ನೆಯ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎನ್ನುತ್ತದೆ.

ಮಾತ್ರೆಯಿಂದ ನಿದ್ದೆ ಬಂತು, ಎದೆ ತಣ್ಣಗಾಯಿತು, ಪಾಠದ ವಾಕ್ಯಗಳು ಮರಳಿದವು. ಮಾತು ಬಾಕಿ ಇತ್ತು. ಅದಕ್ಕೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನು ಕಾಣಿರೆಂದು ವೈದ್ಯರೇ ಬರೆದುಕೊಟ್ಟರು. ಇಲ್ಲಿ ಹೆಸರುಗಳ ಗೊಂದಲವಿದೆ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಅದರ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಔಷಧಿ ಬರೆಯುವವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಔಷಧಿ ಬರೆಯುವುದಿಲ್ಲ. ಮಾತಿನ ಮೂಲಕ ಚಿಕಿತ್ಸೆ ನೀಡುವ ತರಬೇತಿ ಪಡೆದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡಿರುತ್ತಾರೆ. ‘ಆಪ್ತಸಮಾಲೋಚಕ’ ಎಂಬ ಫಲಕ ಮಾತ್ರ ಎರಡು ವರ್ಷ ಓದಿದವರ ಬಾಗಿಲಲ್ಲೂ ಇರುತ್ತದೆ, ವಾರಾಂತ್ಯದ ಶಿಬಿರ ಮುಗಿಸಿದವರ ಬಾಗಿಲಲ್ಲೂ ಇರುತ್ತದೆ. ಏನು ಓದಿದ್ದೀರಿ, ನೋಂದಣಿ ಇದೆಯೇ ಎಂದು ಕೇಳುವುದು ಅವಮರ್ಯಾದೆಯಲ್ಲ. ಅಡಿಕೆ ಗಿಡ ಕೊಳ್ಳುವಾಗ ನರ್ಸರಿಯವರನ್ನು ನಾವು ಇದಕ್ಕಿಂತ ಹೆಚ್ಚು ವಿಚಾರಿಸುತ್ತೇವೆ.

ಶಿವಮೊಗ್ಗದಲ್ಲಿ ನಾನು ಮೊದಲು ಕಂಡ ಸಮಾಲೋಚಕರು ನಮ್ಮ ಕಡೆಯವರೇ. ಕುಳಿತ ಕೂಡಲೇ ‘ಯಾರ ಮನೆ ಪೈಕಿ?’ ಎಂದು ಕೇಳಿದರು. ಎರಡು ನಿಮಿಷದಲ್ಲಿ ನಮ್ಮ ಮಾವನವರ ತಮ್ಮ ಅವರಿಗೆ ಪರಿಚಯವೆಂದು ಗೊತ್ತಾಯಿತು. ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಅದೇ ಮಾನಸಿಕ ಆರೋಗ್ಯ ಕಾಯ್ದೆಯ 23ನೆಯ ಸೆಕ್ಷನ್ ಪ್ರಕಾರ ನನ್ನ ಚಿಕಿತ್ಸೆಯ ವಿಷಯ ಗುಟ್ಟಾಗಿಯೇ ಉಳಿಯಬೇಕು, ಅವರು ಯಾರಿಗೂ ಹೇಳುತ್ತಿರಲೂ ಇಲ್ಲ. ಆದರೂ, ಮದುವೆಮನೆಯ ಪಂಕ್ತಿಯಲ್ಲಿ ಎದುರು ಕೂರಬಹುದಾದವರ ಮುಂದೆ ಅತ್ತೆಯ ಮನೆಯ ಮಾತು ಆಡುವುದು ನನ್ನಿಂದಾಗಲಿಲ್ಲ. ನಮ್ಮವರೇ ಆದರೆ ಒಳ್ಳೆಯದು ಎಂದು ಹುಡುಕಿಕೊಂಡು ಹೋದವಳು ನಾನೇ.

ಎರಡನೆಯವರು ಬಳ್ಳಾರಿ ಕಡೆಯವರು. ಮೊದಲ ದಿನ ಏನಾಗುತ್ತದೆ ಎಂದು ಕೇಳಿದಾಗ ನಾನು ‘ಬೇಜಾರು’ ಎಂದೆ. ಅವರು ಪೆನ್ನು ಕೆಳಗಿಟ್ಟು, ‘ಬೇಜಾರ ಅಂದ್ರ ನಿಮ್ಮ ಕಡೆ ಏನ್ ಅರ್ಥರೀ?’ ಎಂದು ಕೇಳಿದರು. ಹೇಳಲು ಹೊರಟರೆ ಆ ಒಂದು ಪದದ ಹೊಟ್ಟೆಯಲ್ಲಿ ಎಷ್ಟೊಂದಿತ್ತು. ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು, ಯಾರಾದರೂ ಒರಟಾಗಿ ಮಾತನಾಡಿದರೂ ಬೇಜಾರು, ಸಾವಿನ ಮನೆಯಲ್ಲೂ ಬೇಜಾರು, ಅನ್ನ ಮಾಡಲು ಮನಸ್ಸಿಲ್ಲದಿದ್ದರೂ ಬೇಜಾರೇ. ಹಾಗಾದರೆ ಬೆಳಗಿನ ಜಾವ ಮೂರು ಗಂಟೆಯದು ಯಾವುದು? ಅದು ಬೇಜಾರಲ್ಲ, ತಳಮಳ. ಶಾಲೆಯಲ್ಲಿ ಆಗುವುದು? ಅದು ಮಂಕು. ಮಗಳ ಫೋನು ಬಂದು ಇಟ್ಟ ಮೇಲೆ ಆಗುವುದು? ಅದಕ್ಕೆ ಪದ ಹುಡುಕಲು ನನಗೆ ಎರಡು ಭೇಟಿ ಹಿಡಿಯಿತು. ಅಮ್ಮನ ವಿಷಯ ಬಂದಾಗ ಮಾತ್ರ ದುಃಖ ಎಂಬ ಪದ ಬಾಯಿಗೆ ಬಂತು. ಆಕೆ ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು, ನಾನು ಆ ಪದವನ್ನು ಆಡಿಯೇ ಇರಲಿಲ್ಲ. ನಮ್ಮ ಕಡೆಯವರೇ ಆಗಿದ್ದರೆ ‘ಬೇಜಾರು’ ಎಂದಾಗ ಅರ್ಥವಾಯಿತೆಂದು ತಲೆಯಾಡಿಸಿ ಮುಂದೆ ಹೋಗುತ್ತಿದ್ದರೇನೋ. ಅವರು ಹೊರಗಿನವರಾದದ್ದರಿಂದ ಕೇಳಿದರು, ಕನ್ನಡದವರಾದದ್ದರಿಂದ ನಾನು ಹೇಳಿದೆ.

ಮೊದಲ ದಿನವೇ ನಾನು ಕೇಳಿದ್ದು ಸಣ್ಣ ಸಂಗತಿಗಳನ್ನು. ಸಂಜೆಯ ನಮ್ಮೂರಿನ ಕೊನೆಯ ಬಸ್ಸು ತಪ್ಪಿದರೆ ರಾತ್ರಿ ನಗರದಲ್ಲೇ ಉಳಿಯಬೇಕು, ಉಳಿದರೆ ಎಲ್ಲಿ ಹೋಗಿದ್ದೆ ಎಂದು ಊರೆಲ್ಲ ಕೇಳುತ್ತದೆ. ಆದ್ದರಿಂದ ಮಧ್ಯಾಹ್ನ ಒಂದರೊಳಗೆ ಸಮಯ ಸಿಗಬಹುದೇ? ಆಶ್ಲೇಷಾ ಮಳೆಯಲ್ಲಿ ರಸ್ತೆಗೆ ಮರ ಬಿದ್ದು ಬರಲಾಗದಿದ್ದರೆ ಅಂದಿನ ಭೇಟಿಯನ್ನು ಫೋನಿನಲ್ಲಿ ಮುಗಿಸಬಹುದೇ, ಬರದಿದ್ದ ದಿನಕ್ಕೂ ಶುಲ್ಕ ಕೊಡಬೇಕೇ? ಅಡಿಕೆ ಸುಲಿತದ ಕಾಲದಲ್ಲಿ ತಿಂಗಳಿಗೊಮ್ಮೆಗಿಂತ ಹೆಚ್ಚು ಬರಲಾಗದು, ಅದು ಸಾಕೇ? ಅವರು ಎಲ್ಲಕ್ಕೂ ಹೌದೆನ್ನಲಿಲ್ಲ. ಮೊದಲ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ ಬರಲೇಬೇಕು, ಇಲ್ಲದಿದ್ದರೆ ಪ್ರತಿ ಸಲವೂ ಮೊದಲಿನಿಂದ ಶುರು ಮಾಡಿದಂತಾಗುತ್ತದೆ ಎಂದರು. ಆರು ಭೇಟಿ ಆದ ಮೇಲೆ ಉಪಯೋಗವಾಗುತ್ತಿದೆಯೇ ಎಂದು ಇಬ್ಬರೂ ಕುಳಿತು ನೋಡೋಣ, ಆಗದಿದ್ದರೆ ಬೇರೆಯವರ ಹೆಸರು ನಾನೇ ಕೊಡುತ್ತೇನೆ ಎಂದೂ ಹೇಳಿದರು. ಆ ಕೊನೆಯ ಮಾತಿಗೇ ನನ್ನ ಅರ್ಧ ಅಳುಕು ಹೋಯಿತು.

ಖರ್ಚಿನ ಲೆಕ್ಕ ಇಷ್ಟೇ: ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ, ಮಾತು ಹಣ ಕೊಟ್ಟು. ಎರಡನ್ನೂ ಹಣವಿಲ್ಲದೆ ಮಾಡಬೇಕೆನ್ನುವವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಿಂದ ಶುರುಮಾಡಬಹುದು. ಸಾಲು ದೊಡ್ಡದು, ಬೆಳಿಗ್ಗೆ ಬೇಗ ಹೋಗಬೇಕು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ಜನ ಚಿಕಿತ್ಸೆಯ ಹೊರಗೇ ಇದ್ದಾರೆಂದು ಕಂಡುಬಂದಿತ್ತು. ನಾನು ಆ ಅಂಕಿಯನ್ನು ಓದಿದಾಗ ನೆನಪಾದದ್ದು ಹಲಸಿನ ಮರದ ಬುಡ ಮತ್ತು ಹನ್ನೆರಡು ದಿನದ ಮಾತ್ರೆ. ಆ ಹೊರಗಿನವರಲ್ಲಿ ಒಮ್ಮೆ ಒಳಗೆ ಹೋಗಿ ಹಿಂದಿರುಗಿದವರೂ ಎಷ್ಟೋ ಜನ ಇರಬೇಕು.

ದೊಡ್ಡಮ್ಮನವರಿಗೆ ಈಗ ಮಾತ್ರೆ ಅರ್ಧಕ್ಕೆ ಇಳಿದಿದೆ, ನನಗೆ ಮೂರು ತಿಂಗಳಿಗೊಮ್ಮೆ ಬಂದರೆ ಸಾಕೆಂದಿದ್ದಾರೆ. ಅವರ ಮನೆಯಲ್ಲಿ ಸೊಸೆಗೆ ಮಾತ್ರ ವಿಷಯ ಗೊತ್ತು, ಮಗನಿಗೆ ಗೊತ್ತಿಲ್ಲ. ಹಾಗಾಗಿ ಫೋನಿನಲ್ಲಿ ನಮ್ಮಿಬ್ಬರ ಮಾತು ಹಳೆಯ ಭಾಷೆಯಲ್ಲೇ ನಡೆಯುತ್ತದೆ. ನಿನ್ನೆ ಸಂಜೆ ಕರೆ ಮಾಡಿದ್ದರು: ‘ಮಂಗಳವಾರ ಕಣ್ಣು ತೋರಿಸಲಿಕ್ಕೆ ಹೋಗುವುದುಂಟು. ನಿಂಗೂ ಪೊರೆ ಇದ್ದರೆ ಎಂಟು ಗಂಟೆ ಬಸ್ಸಿಗೆ ಬಾ.’ ಶಾಲೆಗೆ ಸಿ.ಎಲ್. ರಜೆಯ ಚೀಟಿ ಬರೆದಿಟ್ಟಿದ್ದೇನೆ.